ನಡುವೆ ಬಂದ ತೆಳು ಪುಸ್ತಕ

ಲೈಬ್ರರಿ ಮೇಡಂ ಅವರ ಬಲಗೈ ಹೆಬ್ಬೆರಳು ಯಾವಾಗಲೂ ನೇರಳೆ ಬಣ್ಣದ್ದು. ತಾರೀಕಿನ ಮುದ್ರೆಯ ಶಾಯಿ ಉಗುರಿನ ಬುಡಕ್ಕೆ ಇಳಿದು, ಎಷ್ಟು ಸೋಪು ಹಾಕಿದರೂ ಹೋಗದೆ ಅಲ್ಲೇ ಮನೆ ಮಾಡಿಕೊಂಡಿತ್ತು. ಕೊಪ್ಪದ ಲೈಬ್ರರಿಯ ಮೇಜಿನ ಮೇಲೆ ಆ ಬೆರಳು ಒಮ್ಮೆ ಟಕಟಕ ಎಂದರೆ ಮಾತು ನಿಲ್ಲಿಸಬೇಕು, ಎರಡನೇ ಸಲ ಎಂದರೆ ಎದ್ದು ಹೊರಗೆ ಹೋಗಬೇಕು. ಮೂರನೇ ಸಲ ಏನಾಗುತ್ತದೆ ಎಂದು ನೋಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನಾನು ಮೇಗುಂದದ ಕಡೆಯಿಂದ ಕೊಪ್ಪದ ಹೈಸ್ಕೂಲಿಗೆ ಬರುತ್ತಿದ್ದವಳು. ಸಂಜೆ ಬಸ್ಸಿಗೆ ಒಂದು ಗಂಟೆ ಕಾಯಬೇಕಿತ್ತು, ಕೂರಲು ಬೆಂಚು ಇದ್ದದ್ದು ಲೈಬ್ರರಿಯಲ್ಲಿ. ಗಾಳಿಸೀಮೆ ಎಂಬ ನಾಡಿನ ಕಥೆಪುಸ್ತಕಗಳು ನನಗೆ ಸಿಕ್ಕಿದ್ದು ಹಾಗೆ. ಗಾಳಿಯನ್ನು ಗಂಟು ಕಟ್ಟಿ ಮಾರುವ ಜನ, ಕಲ್ಲಾಗಿ ಮಲಗಿದ ಆನೆಗಳು, ತನ್ನ ಹೆಸರನ್ನೇ ಕಳೆದುಕೊಂಡು ಅದನ್ನು ಹುಡುಕಿ ಹೊರಟ ರಾಜಕುಮಾರಿ. ಒಂದರ ಹಿಂದೆ ಒಂದು ನಾಲ್ಕು ಸಂಪುಟ. ಲೈಬ್ರರಿ ಮೇಡಂಗೂ ಅದೇ ಹುಚ್ಚು. ಆದರೆ ಅವರದ್ದೊಂದು ಕಾನೂನು: ಓದಿದ ಸಂಪುಟದ ಕಥೆಯನ್ನು ಮೇಜಿನ ಮುಂದೆ ನಿಂತು ಹೇಳಬೇಕು, ಆಮೇಲೇ ಮುಂದಿನದ್ದು.

"ಆನೆ ಎದ್ದದ್ದು ಯಾಕೆ?" ಎಂದು ಕೇಳಿದರು ಒಂದು ದಿನ.

"ರಾಜಕುಮಾರಿ ಕರೆದಳು ಮೇಡಂ."

"ಅದಕ್ಕೆ ಮೊದಲು ಎಂತ ಮಾಡಿದಳು?"

ನಾನು ಹತ್ತು ಪುಟ ಹಾರಿಸಿದ್ದೆ. ಮುಂದಿನ ಸಂಪುಟ ಮೇಜಿನ ಡ್ರಾಯರಿಗೆ ಹೋಯಿತು. "ಊಟಕ್ಕೆ ಕೂತು ಬರೀ ಪಾಯಸ ಬಳಿದ್ರೆ ಆಗ್ತದಾ ಕೂಸೇ? ಹೋಗು, ಓದ್ಕೊಂಡು ಬಾ." ಅವತ್ತು ಬಸ್ಸಿನಲ್ಲಿ ಅಳುತ್ತಲೇ ಮನೆಗೆ ಹೋದೆ. ಪುಟದ ಮೂಲೆ ಮಡಚಿದವರ ಗತಿ ಇನ್ನೂ ಕಷ್ಟ. "ನಿನ್ನ ಕಿವಿ ಹೀಗೇ ಮಡಚ್ಲಾ?" ಎಂದು ಎದ್ದೇ ಬರುತ್ತಿದ್ದರು.

ನಾನು ಕಥೆ ಹೇಳುವುದು ಸುಧಾರಿಸಿದ ಮೇಲೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವಳು ಲೆಕ್ಚರರ್ ಆಗ್ತಾಳೆ, ಬರೆದಿಟ್ಕೊಳ್ಳಿ" ಎನ್ನುತ್ತಿದ್ದರು. ಆ ಮಾತೇ ನನಗೆ ಮುಳುವಾಯಿತು. ಪಿಯುಸಿ ಮುಗಿಸಿ ಮದುವೆಯಾಗಿ ಎನ್.ಆರ್.ಪುರಕ್ಕೆ ಬಂದೆ, ಜೆರಾಕ್ಸ್ ಅಂಗಡಿ ಹಾಕಿದೆ. ಪಹಣಿ, ಆಧಾರ್, ಕಾಲೇಜು ಹುಡುಗರ ಪ್ರಾಜೆಕ್ಟಿಗೆ ಸ್ಪೈರಲ್ ಬೈಂಡಿಂಗು. ಅಂಗಡಿ ಯಾರದ್ದು ಎಂದು ಕೇಳಿದರೆ ಗಂಡನ ಹೆಸರು ಹೇಳುತ್ತಿದ್ದೆ. ಮೇಡಂ ರಿಟೈರಾಗಿ ಶೃಂಗೇರಿಯ ತಂಗಿ ಮನೆಗೆ ಹೋದರು ಎಂದು ಗೊತ್ತಿದ್ದರೂ ಮುಖ ತೋರಿಸಲಿಲ್ಲ.

ಗಾಳಿಸೀಮೆ ಬರೆದವರೂ ನಾಲ್ಕನೇ ಸಂಪುಟದ ನಂತರ ಎಷ್ಟೋ ವರ್ಷ ಸುಮ್ಮನಿದ್ದರು. ಆಮೇಲೆ ಐದನೆಯದು, ಕೊನೆಯದು, ಏಳುನೂರು ಪುಟದ್ದು ಬಂತು. ತರಿಸಿ ಜೆರಾಕ್ಸ್ ಮಿಷನ್ ಮೇಲಿನ ಶೆಲ್ಫಿಗೇರಿಸಿದೆ. ಯಾರು ಯಾರ ಮಗ, ಯಾವ ಕೋಟೆ ಯಾರದ್ದು, ಎಲ್ಲ ಮರೆತುಹೋಗಿತ್ತು. ಅದರ ದಪ್ಪ ನೋಡಿದರೇ ಬಿಚ್ಚಲು ಕೈ ಬರುತ್ತಿರಲಿಲ್ಲ. ಹೋದ ವರ್ಷಕ್ಕೆ ಹಿಂದಿನ ವರ್ಷ ಅದೇ ಸೀಮೆಯ ಇನ್ನೊಂದು ಪುಸ್ತಕ ಬಂತು, ತೊಂಬತ್ತೇ ಪುಟ. ನಾಲ್ಕಕ್ಕೂ ಐದಕ್ಕೂ ನಡುವೆ ನಡೆಯುವ ಸಣ್ಣ ಕಥೆ. ಸೇತುವೆಯ ಸುಂಕದ ಕಟ್ಟೆಯಲ್ಲಿ ಕೂರುವ ಮುದುಕಿಯೊಬ್ಬಳ ಹತ್ತಿರ ರಾಜಕುಮಾರಿ ಒಂದು ದಿನ ತಂಗುತ್ತಾಳೆ, ಅಷ್ಟೇ. ಅದೇ ವಾರ ಮೇಡಂಗೆ ಸ್ಟ್ರೋಕ್ ಆದ ಸುದ್ದಿಯೂ ಬಂತು.

ಶೃಂಗೇರಿ ಬಸ್ಸಿನಲ್ಲಿ ಕೂತು ಆ ತೆಳು ಪುಸ್ತಕ ಬಿಚ್ಚಿದೆ. ಕೊಪ್ಪ ದಾಟುವಷ್ಟರಲ್ಲಿ ಇಡೀ ಗಾಳಿಸೀಮೆ ನನಗೆ ವಾಪಸ್ ಬಂದಿತ್ತು. ಕಂಡಕ್ಟರು ಎರಡು ಸಲ ಕರೆದರಂತೆ, ನನಗೆ ಕೇಳಲಿಲ್ಲ.

ಮೇಡಂ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದರು. ಬಲಗೈಯನ್ನು ಯಾರೋ ತಂದು ತೊಡೆಯ ಮೇಲೆ ಇಟ್ಟುಹೋದ ಹಾಗಿತ್ತು. "ಅಕ್ಕಂಗೆ ಅಕ್ಷರ ಎಲ್ಲ ಇರುವೆ ಹರಿದ ಹಾಗೆ ಕಾಣ್ತದಂತೆ. ಓದೋದು ಇನ್ನು ಆಗ್ಲಿಕ್ಕಿಲ್ಲ ಅಂದಿದ್ದಾರೆ ಡಾಕ್ಟರು" ಎಂದರು ತಂಗಿ. ಪಕ್ಕದ ಮೇಜಿನಲ್ಲಿ ಐದನೇ ಸಂಪುಟ ಹೊಸದಾಗಿಯೇ ಇತ್ತು. ಹಳೆಯ ನಾಲ್ಕನ್ನೂ ಮತ್ತೊಮ್ಮೆ ಓದಿ ಇದಕ್ಕೆ ಕೈ ಹಾಕಬೇಕು ಎಂದು ಮೇಡಂ ತೆಗೆದಿಟ್ಟಿದ್ದರಂತೆ.

ನನ್ನನ್ನು ಗುರುತು ಹಿಡಿದರು. ಮಾತು ನಿಧಾನ, ಆದರೆ ಸ್ಪಷ್ಟ. "ಆ ಹುಡುಗಿಗೆ ಹೆಸರು ಸಿಕ್ತಾ, ಇಲ್ವಾ ಅಂತ ಗೊತ್ತಾಗದೇ ನಾನು ಸಾಯ್ಬೇಕಾ?"

"ನಾನು ಓದಿ ಹೇಳ್ತೇನೆ ಮೇಡಂ."

"ಬೇರೆಯವರು ಅಗಿದ ಅವಲಕ್ಕಿ ನಂಗೆ ಬೇಡ."

ತೆಳು ಪುಸ್ತಕವನ್ನು ಅವರ ಎಡಗೈಗೆ ಕೊಟ್ಟೆ. ಬೀಳಲಿಲ್ಲ. ಸಾಲಿನ ಕೆಳಗೆ ಸ್ಕೇಲು ಇಟ್ಟುಕೊಂಡು ಮೊದಲ ದಿನ ಅವರು ಓದಿದ್ದು ನಾಲ್ಕು ಸಾಲು. ನಡುವೆ ಒಮ್ಮೆ ಸಿಟ್ಟು ಬಂದು ಎಸೆದರು, ಐದು ನಿಮಿಷ ಬಿಟ್ಟು ತಂಗಿಯ ಕೈಲಿ ಹೆಕ್ಕಿಸಿಕೊಂಡರು. ಪ್ರತಿ ಭಾನುವಾರ ನಾನು ಫೋನ್ ಮಾಡಿ, "ಮುದುಕಿ ಎಂತ ಮಾಡಿದಳು ಮೇಡಂ?" ಎಂದು ಕೇಳುವುದು, ಅವರು ಒಪ್ಪಿಸುವುದು. ತೊಂಬತ್ತು ಪುಟಕ್ಕೆ ಮೂರು ತಿಂಗಳು ಹಿಡಿಯಿತು. ಮುಗಿದ ದಿನ ಅವರೇ ಫೋನ್ ಮಾಡಿಸಿದರು. "ಈಗ ದೊಡ್ಡದು" ಎಂದರು.

ದೊಡ್ಡದನ್ನು ಅವರ ಒಂದು ಕೈ ಹೊರಬೇಕಲ್ಲ! ಮರುವಾರ ಹೋದಾಗ ಅವರೇ ಎತ್ತಲು ನೋಡಿ, ಪುಸ್ತಕ ಕಾಲ ಮೇಲೆ ಬಿತ್ತು. ಅವರ ಕಣ್ಣಲ್ಲಿ ನೀರು ನೋಡಿದ್ದು ಆವತ್ತೇ ಮೊದಲು. ನನ್ನ ಬಾಯಿಂದ ಸತ್ಯ ಹೊರಬಿತ್ತು. "ಮೇಡಂ, ನಾನು ಲೆಕ್ಚರರ್ ಆಗಲಿಲ್ಲ. ನಂದು ಜೆರಾಕ್ಸ್, ಬೈಂಡಿಂಗ್ ಅಂಗಡಿ."

ಮೇಡಂ ಎಡಗೈಯಿಂದ ಕಣ್ಣೊರೆಸಿಕೊಂಡರು. "ಕತ್ತರಿಸೋ ಮಿಷನ್ ಉಂಟಾ?"

"ಉಂಟು."

"ಹಾಗಾದ್ರೆ ಕತ್ತರಿಸು ಮಾರಾಯ್ತಿ, ನೋಡ್ತಾ ನಿಂತಿದ್ದೀಯಲ್ಲ!"

ಪುಟದ ಮೂಲೆ ಮಡಚಿದರೆ ಕಿವಿಗೆ ಕೈ ಹಾಕುತ್ತಿದ್ದವರು! ಮಿಷನ್ನಿಗೆ ಆ ಪುಸ್ತಕದ ಬೆನ್ನು ಕೊಡುವಾಗ ಪಾಪ ಮಾಡಿದ ಹಾಗೇ ಅನಿಸಿತು. ಹನ್ನೆರಡು ಭಾಗ ಮಾಡಿದೆ. ಒಂದೇ ಕೈಯಲ್ಲಿ ಪುಟ ಮಗುಚಲು ಸುಲಭವಾಗಲಿ ಎಂದು ಭಾರೀ ತಲೆ ಓಡಿಸಿ, ಸ್ಪೈರಲ್ಲನ್ನು ಕ್ಯಾಲೆಂಡರಿನ ಹಾಗೆ ಮೇಲ್ಗಡೆ ಹಾಕಿದೆ. ಮೇಡಂ ಮೊದಲ ಪುಟ ಓದಿ ಎತ್ತಿ ಮಗುಚಿದರೆ, ಹಿಂದಿನ ಪುಟದ ಅಕ್ಷರವೆಲ್ಲ ತಲೆಕೆಳಗು. ದಿನಕ್ಕೆ ನೂರು ಹಾಳೆ ಬೈಂಡ್ ಮಾಡುವವಳಿಗೆ, ಪುಸ್ತಕದ ಹಾಳೆಗೆ ಎರಡೂ ಕಡೆ ಅಚ್ಚಿರುತ್ತದೆ ಎನ್ನುವುದೇ ಹೊಳೆದಿರಲಿಲ್ಲ.

"ಎಂತದೇ ಇದು, ರಾಜಕುಮಾರಿ ಶೀರ್ಷಾಸನ ಹಾಕಿದ್ದಾಳಲ್ಲ!" ಎಂದು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಕಾಯಿಲೆ ಬಿದ್ದ ಮೇಲೆ ಅಕ್ಕ ನಕ್ಕದ್ದು ಇದೇ ಮೊದಲು ಎಂದು ತಂಗಿ ಒಳಗಿನಿಂದ ಓಡಿಬಂದರು. ಒಂದೇ ಬದಿಗೆ ಜೆರಾಕ್ಸ್ ತೆಗೆದುಕೊಡಲೇ ಎಂದೆ. "ಬರೆದವರ ಹೊಟ್ಟೆಗೆ ಹೊಡೀಬೇಡ" ಎಂದು ಬೈದರು. ಹನ್ನೆರಡನ್ನೂ ಮನೆಗೆ ಹೊತ್ತು, ಬಿಚ್ಚಿ, ಪಕ್ಕಕ್ಕೇ ಸ್ಪೈರಲ್ ಹಾಕಿ ತಂದೆ. ಅದು ತೊಡೆಯ ಮೇಲೆ ಚಪ್ಪಟೆ ಮಲಗುತ್ತಿತ್ತು. ಎಡಗೈ ದಾಟಿಸಿ ಪುಟ ತಿರುವುವುದನ್ನು ಅವರೇ ಕಲಿತರು.

ಮೇಡಂ ತೀರಿಕೊಂಡು ಈಗ ನಾಲ್ಕು ತಿಂಗಳಾಯಿತು. ಅದಕ್ಕೂ ಎರಡು ವಾರ ಮೊದಲು ಹನ್ನೆರಡನೇ ಭಾಗದ ಕೊನೆಯ ಪುಟಕ್ಕೆ ಬಂದಿದ್ದರು, ಅದನ್ನು ಓದಲು ನಾನು ಬರುವವರೆಗೆ ಕಾದಿದ್ದರು. ಸ್ಕೇಲು ಒಂದೊಂದೇ ಸಾಲು ಇಳಿಯಿತು. ಗಟ್ಟಿಯಾಗಿ ಓದಿದರು. ಅರ್ಧ ಗಂಟೆ ಹಿಡಿಯಿತು. ಕೊನೆಯ ಸಾಲಿನಲ್ಲಿ ರಾಜಕುಮಾರಿಯ ಹೆಸರಿತ್ತು. ಅದನ್ನು ಎರಡು ಸಲ ಹೇಳಿದರು. ಅಷ್ಟು ಹೆಮ್ಮೆ ನನಗೆ ನನ್ನ ಮಗಳು ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಿರಲಿಲ್ಲ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಓದುವವರು ಓದಿಕೊಳ್ಳಲಿ.

ಅಷ್ಟರಲ್ಲಿ ಪಕ್ಕದ ಮನೆಯವರು ಬಂದು, ಇವರು ಯಾರು ಎಂದು ನನ್ನನ್ನು ನೋಡಿ ಕೇಳಿದರು. ಮೇಡಂ ಪುಸ್ತಕದ ಮೇಲಿದ್ದ ಎಡಗೈ ಎತ್ತಿ ನನ್ನ ಕಡೆ ತೋರಿಸಿದರು.

"ಇವಳಾ? ಎನ್.ಆರ್.ಪುರದಲ್ಲಿ ಇವಳದ್ದೇ ಸ್ವಂತ ಬೈಂಡಿಂಗ್ ಅಂಗಡಿ. ನಂಗೆ ಓದು ವಾಪಸ್ ಕೊಟ್ಟದ್ದು ಇವಳು."

ಅಂಗಡಿ ಯಾರದ್ದು ಎಂದು ಈಗ ಯಾರಾದರೂ ಕೇಳಿದರೆ, ನನ್ನದು ಎನ್ನುತ್ತೇನೆ.