ತೆಪ್ಪಕ್ಕಿಂತ ಮೊದಲು ಬುತ್ತಿ

ಮೊಣಕಾಲಿನ ಆಪರೇಷನ್ ಆದ ಮೇಲೆ ನೆಲದ ಮೇಲೆ ಕೂರುವಂತಿಲ್ಲ ಎಂದು ಡಾಕ್ಟರ್ ಹೇಳಿದಾಗ ನನಗೆ ಪೂಜೆ, ಪಂಕ್ತಿ ಯಾವುದೂ ನೆನಪಾಗಲಿಲ್ಲ. ನೆನಪಾದದ್ದು ತೆಪ್ಪ. ಮೀನುಗಾರರ ಆ ದುಂಡು ಬುಟ್ಟಿಯಲ್ಲಿ ಕುರ್ಚಿ ಇರುವುದಿಲ್ಲ. ತಳದಲ್ಲಿ ಕಾಲು ಮಡಚಿ ಕೂತರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾನ್ವೆಂಟಿನಲ್ಲಿದ್ದಾಗ ಒಮ್ಮೆ ನಮ್ಮನ್ನು ತುಂಗಭದ್ರೆಯ ದಂಡೆಗೆ ಪಿಕ್ನಿಕ್‌ಗೆ ಕರೆದೊಯ್ದಿದ್ದರು. ಬಿಳಿ ಸಾಕ್ಸು ತೋಯುತ್ತವೆಂದು ಸಿಸ್ಟರ್ ಯಾರನ್ನೂ ಹತ್ತಗೊಡಲಿಲ್ಲ. ಸಾಲಾಗಿ ನಿಂತು, ನೀರಿನ ಮೇಲೆ ಗಿರಕಿ ಹೊಡೆಯುತ್ತ ಹೋಗುವ ತೆಪ್ಪಗಳಿಗೆ ಕೈಬೀಸಿ ಬಂದೆವು. ಈ ಸಲ ಕೈಬೀಸಿ ಬರುವುದು ಬೇಡವೆಂದು ನಿಶ್ಚಯಿಸಿದೆ. ಆಪರೇಷನ್ ಮುಂದಿನ ವಾರ.

ತಪ್ಪೆಂದರೆ ನಾದಿನಿಗೆ ಹೇಳಿದ್ದು. ನನ್ನ ಗಂಡನ ತಂಗಿ ಲಕ್ಷ್ಮೇಶ್ವರದವಳು. ಅವಳ ಮನೆಯಲ್ಲಿ ಕಾರಿದೆ, ಓಡಿಸಲು ಗಂಡನಿದ್ದಾನೆ. ಬೆಳಗಿನ ತಂಪಿನಲ್ಲಿ ಹೋಗಿ, ಹೊಳೆಯ ಮೇಲೆ ಒಂದು ಸುತ್ತು ಹಾಕಿ, ಸೈಲೆಂಟಾಗಿ ಬಂದುಬಿಡೋಣ ಎಂದಿದ್ದೆ. ಸಿಂಪಲ್ ಪ್ಲ್ಯಾನ್. ಬೆಟಗೇರಿಯಿಂದ ಮೊದಲ ಬಸ್ಸಿಗೆ ನಾನು ಅವಳ ಮನೆ ಮುಟ್ಟಿದಾಗ ಅವಳಿನ್ನೂ ರೊಟ್ಟಿ ಬಡಿಯುತ್ತಿದ್ದಳು.

"ಅಲ್ಲವಾ, ಒಂದ್ ತಾಸಿನ ಕೆಲಸಕ್ಕ ಇಷ್ಟೆಲ್ಲಾ ಯಾಕ?" ಎಂದೆ.

"ವೈನಿ, ಬುತ್ತಿ ಇಲ್ದ ಹೊಳಿಗೆ ಹೋಗಾಕ ನಾವೇನ್ ದಿಕ್ಕಿಲ್ಲದವರಽ?"

ಕಡಕ್ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಕೆಂಪು ಚಟ್ನಿ, ಸಿಹಿಗೆ ಮಾದಲಿ, ಮೊಸರನ್ನ. ಡಿಕ್ಕಿ ತುಂಬಿ ನನ್ನ ತೊಡೆಯ ಮೇಲೂ ಒಂದು ಗಂಟು ಬಂತು. ಶಿರಹಟ್ಟಿ ದಾಟಿದೆವು. ಬೆಳ್ಳಟ್ಟಿಯಲ್ಲಿ ಯಾರೋ ಪರಿಚಯದವರ ಮನೆಯ ಗಡಿಗೆ ಮೊಸರಿಗೆಂದು ನಿಂತೆವು. ಅವರು ಚಹಾ ಕುಡಿಸದೆ ಬಿಡಲಿಲ್ಲ. ನಾನು ಕಾರಿನೊಳಗೆ ಕೂತು ವಾಚ್ ನೋಡಿಕೊಳ್ಳುತ್ತಿದ್ದೆ. ಆನೆಸ್ಟ್ಲಿ, ಅಳು ಬರುವುದೊಂದು ಬಾಕಿ.

ತುಂಗಭದ್ರೆಯ ದಂಡೆಯ ಹಳ್ಳಿ ಮಾತ್ರ ನಾನು ಅಂದುಕೊಂಡಂತೆಯೇ ಇತ್ತು. ಹಿಂದೆ ಕಪ್ಪತಗುಡ್ಡ, ಮುಂದೆ ಹೊಳೆ, ನಡುವೆ ಒಂದಿಷ್ಟು ಮನೆ. ಬೇಲಿಯ ಮೇಲೆ ಬಲೆ ಒಣಗುತ್ತಿತ್ತು. ಗುಡ್ಡ ಈಗ ವನ್ಯಜೀವಿಧಾಮ. ನಾದಿನಿ ಅದನ್ನು ನ್ಯಾಷನಲ್ ಪಾರ್ಕ್ ಎಂದೇ ಕರೆಯುತ್ತಾಳೆ, ತಿದ್ದಿ ತಿದ್ದಿ ಬಿಟ್ಟಿದ್ದೇನೆ. ಮೊದಲೇ ಹೇಳಿಟ್ಟಿದ್ದ ಮೀನುಗಾರ ದಂಪತಿ ತೆಪ್ಪವನ್ನು ನೀರಿಗೆ ಇಳಿಸಿಕೊಂಡೇ ಕಾಯುತ್ತಿದ್ದರು.

"ಜಲ್ದಿ ಬರ್ರಿ ಅಮ್ಮಾರ," ಎಂದಳು ಹೆಂಡತಿ. ಗುಡ್ಡದ ನೆತ್ತಿಯ ಗಾಳಿಯಂತ್ರಗಳತ್ತ ಬೆರಳು ಮಾಡಿ, "ಅವು ಜೋರ್ ತಿರಗಾಕ ಹತ್ತಿದ್ರ ತೆಪ್ಪ ಬಿಡಾಂಗಿಲ್ಲ ಮತ್ತ. ಗಾಳಿ ಎತ್ತಾಗ್ ಒಯ್ತೈತೋ ಯಾರಿಗ್ಗೊತ್ತು."

ರೆಕ್ಕೆಗಳು ಆಗ ತೂಕಡಿಸುತ್ತಿದ್ದವು. ನಾನು ಚಪ್ಪಲಿ ಬಿಟ್ಟೆ. ಅಷ್ಟರಲ್ಲಿ ನಾದಿನಿ ಬೇವಿನ ನೆರಳಿನಲ್ಲಿ ಚಾದರ ಹಾಸಿಯಾಗಿತ್ತು.

"ಹಸಗೊಂಡು ನೀರ್ ಮ್ಯಾಲ ಹೋಗಬಾರ್ದು ವೈನಿ, ತಲಿ ತಿರಗತೈತಿ. ಬರ್ರಿ, ನೀವಿಬ್ರೂ ಕುಂಡ್ರಿ," ಎಂದು ಆ ದಂಪತಿಯನ್ನೂ ಕರೆದಳು.

ನಮ್ಮ ಕಡೆ ಬುತ್ತಿ ಬಿಚ್ಚಿದ ಮೇಲೆ ಒಲ್ಲೆ ಎನ್ನುವವರು ಹುಟ್ಟಿಲ್ಲ, ಎದುರಿಗಿದ್ದವರನ್ನು ಬಿಟ್ಟು ಉಣ್ಣುವವರೂ ಹುಟ್ಟಿಲ್ಲ. ಅವರು ಕೈ ತೊಳೆದು ಬಂದರು. ನನ್ನನ್ನು ನಾದಿನಿ, ಅವಳ ಗಂಡ ತೋಳು ಹಿಡಿದು ಚಾದರದ ಮೇಲೆ ಇಳಿಸಿದರು. ಮೊಣಕಾಲು ಟಕ್ಕೆಂದಿತು. ಇನ್ನೊಂದ್ ರೊಟ್ಟಿ, ಸ್ವಲ್ಪ ಮಾದಲಿ, ತುಪ್ಪ ಹಾಕ್ಕೊರಿ, ನಾಚಬ್ಯಾಡ್ರಿ. ಉಂಡ ಋಣಕ್ಕೆ ಮೀನುಗಾರನ ಹೆಂಡತಿ ಚಹಾಕ್ಕಿಟ್ಟಳು. ನಾದಿನಿಯ ಗಂಡ ಚಾದರದ ಅಂಚಿನಲ್ಲೇ ಗೊರಕೆ ಹೊಡೆದ. ನಾನು ತಲೆಯೆತ್ತಿದಾಗ ಗುಡ್ಡದ ಮೇಲಿನ ರೆಕ್ಕೆಗಳು ಗರಗರ ತಿರುಗುತ್ತಿದ್ದವು. ಮೀನುಗಾರ ಎದ್ದು ಹೋಗಿ ತೆಪ್ಪವನ್ನು ದಂಡೆಗೆ ಎಳೆದು ಬೋರಲು ಹಾಕಿದ.

"ಆತು ಬಿಡ್ರಿ," ಎಂದಳು ನಾದಿನಿ, ಡಬ್ಬಿ ಮುಚ್ಚುತ್ತ. "ಹೊಳಿ ನೋಡಿದ್ವಲ್ಲ. ಕಾಲ್ ನೆಟ್ಟಗಾದ ಮ್ಯಾಲ ಬಂದ್ರಾತು. ಅದರಾಗ ಒಂದ್ ಕುರ್ಚಿ ಇಡಸೂಣಂತ."

"ಕುರ್ಚಿ ಇಟ್ರ ಕುರ್ಚಿನೂ ಅಮ್ಮಾರೂ ಕೂಡೇ ಹೊಳ್ಯಾಗ," ಎಂದ ಮೀನುಗಾರ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

"ಏಳ್ರಿ ವೈನಿ. ಹೊತ್ತ ಮುಳುಗಿದ್ರ ಗುಡ್ಡದ ದಾರ್ಯಾಗ ಚಿರತಿ ಅಡ್ಡ ಬರ್ತಾವಂತ." ಕೈ ಚಾಚಿದಳು.

ನಾನು ಕೈ ಕೊಡಲಿಲ್ಲ. ನನ್ನನ್ನು ನೆಲದಿಂದ ಎಬ್ಬಿಸಲು ಇಬ್ಬರು ಬೇಕು, ಜೊತೆಗೆ ನನ್ನ ಒಪ್ಪಿಗೆಯೂ ಬೇಕು. ಎರಡೂ ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡೆ.

"ಗಾಳಿ ನಿಂತ ಮ್ಯಾಲ ಏಳ್ತೀನಿ."

"ಏನ್ ಹಟಾ ಇದು, ಸಣ್ಣ ಹುಡುಗ್ಯಾರ್ ಗತೆ! ಚಿರತಿ ಬಂದ್ರ?"

"ಬರ್ಲಿ. ಬುತ್ತಿ ಉಳದೈತಲ್ಲ, ಅದಕ್ಕೂ ಬಡಸು."

ಮೀನುಗಾರನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾದಿನಿ ಮುಖ ಊದಿಸಿಕೊಂಡು ಕಾರಿನಲ್ಲಿ ಹೋಗಿ ಕೂತಳು. ಐದೇ ನಿಮಿಷಕ್ಕೆ ತಿರುಗಿ ಬಂದು ನನ್ನ ಬೆನ್ನಿಗೆ ದಿಂಬಿಟ್ಟಳು, ಮಾತಾಡದೆ. ಅದೂ ಒಂದು ಸಿಟ್ಟೇ. ಮಧ್ಯಾಹ್ನವೆಲ್ಲ ಹಾಗೇ ಕೂತೆ. ಕಾಲು ಮರಗಟ್ಟಿತು. ನೀರುಕಾಗೆಗಳು ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಸಾಕ್ಸು ತೊಟ್ಟ ಆ ಸಾಲಿನಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗಿಯರ ಮುಖ ಒಂದೂ ನೆನಪಿಗೆ ಬರಲಿಲ್ಲ. ಬರೀ ಬೀಸುವ ಕೈಗಳು ಕಂಡವು.

ಬಿಸಿಲು ಕೆಂಪಗಾಗುವ ಹೊತ್ತಿಗೆ ಗಾಳಿ ಕುಸಿಯಿತು. ಮೀನುಗಾರ ಗುಡ್ಡ ನೋಡಿದ, ನನ್ನನ್ನು ನೋಡಿದ, ತೆಪ್ಪ ಹೊರಳಿಸಿದ. ಆಗ ಕೈ ಬಿಚ್ಚಿದೆ. ಅವನೂ ಅವನ ಹೆಂಡತಿಯೂ ನನ್ನನ್ನು ಎತ್ತಿ, ನೀರಿನಲ್ಲಿ ನಡೆಸಿ, ತೆಪ್ಪದ ತಳದಲ್ಲಿ ಕೂರಿಸಿದರು. ಸೀರೆ ಮೊಣಕಾಲಿನವರೆಗೆ ತೋಯಿತು.

ಅಂತೂ ಹೊಳೆ ನನ್ನ ಸುತ್ತ ತಿರುಗಲಿದೆ ಎಂದುಕೊಳ್ಳುವಷ್ಟರಲ್ಲಿ ತೆಪ್ಪ ಧಡಕ್ಕನೆ ವಾಲಿತು. ನಾದಿನಿ! ಕಂಕುಳಲ್ಲಿ ಡಬ್ಬಿ.

"ನಿಮ್ಮನ್ನೊಬ್ಬರನ್ನಽ ಬಿಟ್ಟು ಅಣ್ಣಗ ಏನ್ ಹೇಳ್ಲಿ?"

ದಂಡೆ ದೂರ ಸರಿಯಿತು. ಹುಟ್ಟು ನೀರು ಸೀಳುವ ಸದ್ದೊಂದೇ. ತೆಪ್ಪ ಮೆಲ್ಲಗೆ ತಿರುಗಿದಾಗ ಗುಡ್ಡ, ಬೇವಿನ ಮರ, ಕಾರು, ಮತ್ತೆ ಗುಡ್ಡ. ಆ ಸೈಲೆನ್ಸ್‌ಗಾಗಿ ನಾನು ಇಷ್ಟು ವರ್ಷ ಕಾದಿದ್ದೆ. ಡಬ್ಬಿಯ ಮುಚ್ಚಳ ತೆರೆಯಿತು.

"ವೈನಿ, ಮೊಸರನ್ನ ಹುಳಿ ಆಗ್ತೈತಿ. ಒಂದ್ ತುತ್ತು?"

ಪ್ಲೀಸ್, ಬಾಯಿ ಮುಚ್ಚು ಎನ್ನಲು ಬಾಯಿ ತೆರೆದೆ. ಅವಳು ತುತ್ತಿಟ್ಟಳು.