ತಡವಾಗಿ ಬರುವ ರಸಿಕರು
ಗಿಟಾರ್ ಅಂಗಡಿಯ ಯಜಮಾನರು ಸಂಗೀತ ಕಛೇರಿಗೆ ಬೇಕೆಂದೇ ತಡವಾಗಿ ಬರುವ ರಸಿಕರು. ದೊಡ್ಡವರಿಗೆ ಮುಂಚೆ ನುಡಿಸುವ ಹೊಸಬರನ್ನು ಅವರು ಲೆಕ್ಕಕ್ಕೇ ಇಟ್ಟವರಲ್ಲ. "ಅವರು ಬರೋದು ಕುರ್ಚಿ ಬಿಸಿ ಮಾಡೋಕೆ ಕಣಯ್ಯಾ" ಎನ್ನುತ್ತಾ ಹೊರಗೆ ನಿಂತು ಕಾಫಿ ಹೀರುತ್ತಾರೆ, ತಂತಿಗಳ ಗುಣಾವಗುಣ ಹೇಳಿ ಕಂಡವರ ತಲೆ ತಿನ್ನುತ್ತಾರೆ. ತಾವು ಜೀವಮಾನವಿಡೀ ಕೇಳಲು ಕಾದಿದ್ದ ಗಿಟಾರ್ ಮಾಂತ್ರಿಕರು ಒಂದು ಸಂಜೆ ವೇದಿಕೆಗೆ ಬಂದಾಗಲೂ ಯಜಮಾನರು ಆಗಷ್ಟೇ ಒಳಬಂದು ಕೂತರು. ಆ ಮುದುಕರು ತಂತಿ ಮೀಟಿದ್ದೇ ತಡ, ಸಭೆಗೆ ಸಭೆಯೇ ಉಸಿರು ಬಿಗಿಹಿಡಿಯಿತು. ಯಜಮಾನರ ಮೈಯೂ ಜುಮ್ಮೆಂದಿತು. "ಅವರು ಕಟ್ಟಿದ್ದೆಲ್ಲ ನನಗೆ ಬಾಯಿಪಾಠ. ಇದ್ಯಾವುದಮ್ಮಾ?" ಎಂದು ಪಕ್ಕದಾಕೆಯನ್ನು ಪಿಸುದನಿಯಲ್ಲಿ ಕೇಳಿದರು. "ಅವರದಲ್ಲ ಸಾರ್. ಮೊದಲು ಬಂದ ಹುಡುಗಿ ತಾನೇ ಕಟ್ಟಿ ಈಗತಾನೇ ನುಡಿಸಿ ಹೋದದ್ದು. ಈ ದೊಡ್ಡವರೂ ಪರದೆ ಪಕ್ಕ ನಿಂತು ಕೇಳ್ತಿದ್ರು." ಅಂದಿನಿಂದ ಯಾವ ಕಛೇರಿಯೇ ಇರಲಿ, ಸಭಾಂಗಣ ಗುಡಿಸುವಾಕೆ "ಸ್ವಲ್ಪ ಕಾಲೆತ್ತಿ ಅಣ್ಣಾ" ಅನ್ನುವ ಹೊತ್ತಿಗೇ ಯಜಮಾನರು ಮುಂದಿನ ಸಾಲಿನಲ್ಲಿರುತ್ತಾರೆ.