ಕಲ್ಲಪ್ಪನ ಕೊನೆಯ ಎರಡು ಸಾಲು

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮಾರೇನಹಳ್ಳಿಯ ಕಲ್ಲಪ್ಪ ನನ್ನ ಎದೆಮಟ್ಟಕ್ಕಿದ್ದ. ಈಗ ತೊಡೆಯವರೆಗೂ ಇಲ್ಲ. ನಾನೇ ಅಷ್ಟು ಬೆಳೆದುಬಿಟ್ಟೆ ಎಂದು ಯಾರೂ ಭ್ರಮಿಸಬೇಕಿಲ್ಲ; ಮೆಟ್ರೋದಲ್ಲಿ ಮೇಲಿನ ಕಂಬಿ ಹಿಡಿಯಲು ಇವತ್ತಿಗೂ ತುದಿಗಾಲಲ್ಲಿ ನಿಲ್ಲುತ್ತೇನೆ. ಬೆಳೆದದ್ದು ರಸ್ತೆ. ಹಳೇ ಡಾಂಬರು ಕೀಳದೆ ಅದರ ಮೇಲೇ ಹೊಸದು ಸುರಿದು ಸುರಿದು ಕಲ್ಲನ್ನು ನಿಂತಲ್ಲೇ ಹೂತರು.

ಕಲ್ಲಪ್ಪ ಎಂದರೆ ಅರಳಿಕಟ್ಟೆಯ ಪಕ್ಕ, ಪಾನಿಪೂರಿ ಗಾಡಿಗೂ ಟ್ರಾನ್ಸ್‌ಫಾರ್ಮರಿಗೂ ನಡುವೆ ಇರುವ ವೀರಗಲ್ಲು. ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತ ಯಾರದೋ ನೆನಪಿಗೆ ನಿಲ್ಲಿಸಿದ್ದು. ಮೇಲೆ ಅವನು ಕೈಲಾಸದಲ್ಲಿ ಕೂತಿದ್ದಾನೆ, ನಡುವೆ ಅಪ್ಸರೆಯರು ಕರೆದೊಯ್ಯುತ್ತಿದ್ದಾರೆ. ಕತ್ತಿ ಹಿಡಿದು ಕಾದಾಡುವ ಕೆಳಗಿನ ಭಾಗ ಡಾಂಬರಿನಡಿ. ಈಗಿನ ಮಕ್ಕಳ ಪಾಲಿಗೆ ಅವನು ಜಗಳವನ್ನೇ ಆಡದೆ ಸ್ವರ್ಗಕ್ಕೆ ಹೋದ ಪುಣ್ಯಾತ್ಮ. ಸೋಮವಾರ ಎಣ್ಣೆ, ಕುಂಕುಮ. ಒಂದು ಹಬ್ಬಕ್ಕೆ ಭಕ್ತಿ ಉಕ್ಕಿ ಬೆಳ್ಳಿ ಬಣ್ಣದ ಪೇಂಟ್ ಬೇರೆ ಬಳಿದಿದ್ದರು.

ಅದರ ಮೇಲೆ ಹಳಗನ್ನಡದ ಐದು ಸಾಲುಗಳಿವೆ ಎಂದು ನನಗೆ ಹೇಳಿದವರು ನಮ್ಮ ಕನ್ನಡ ಮೇಡಂ. ಈಗ ರಿಟೈರ್ಡ್. ಸೀಮೆಎಣ್ಣೆಯಲ್ಲಿ ಪೇಂಟ್ ಉಜ್ಜಿ, ಅಕ್ಷರಗಳ ಮೇಲೆ ಅಕ್ಕಿಹಿಟ್ಟು ಸವರಿ, ಓರೆಯಾಗಿ ಟಾರ್ಚ್ ಬಿಟ್ಟು ಮೂರು ಸಾಲು ಓದಿದ್ದರು. ಪಾನಿಪೂರಿಯವನು ಮೊದಲ ದಿನ, “ಆಂಟಿ, ರಂಗೋಲಿ ನೆಲಕ್ಕೆ ಹಾಕಿ,” ಎಂದು ಬುದ್ಧಿ ಹೇಳಿದ್ದ. ಮೂರು ಸಾಲಿನಲ್ಲಿ ಯಾವನೋ ಅರಸ ಆಳುತ್ತಿದ್ದ, ದನ ಹೋದವು, ಅಷ್ಟೇ. ಸತ್ತವನ ಹೆಸರು ಡಾಂಬರಿನಡಿ ಹೋದ ಕೊನೆಯ ಎರಡು ಸಾಲಿನಲ್ಲಿರಬೇಕು.

“ಮೂವತ್ತು ವರ್ಷ ಇದರ ಮುಂದೇನೇ ಸ್ಕೂಲಿಗೆ ಹೋದೆ ಕಣೋ,” ಎಂದರು ಮೇಡಂ. “ಎಲ್ಲಾ ಸಾಲೂ ಮೇಲಿತ್ತು. ನಾಳೆ ಬರ್ಕೊಳ್ಳೋಣ, ರಜೇಲಿ ಬರ್ಕೊಳ್ಳೋಣ ಅಂದ್ಕೊಂಡೆ.” ಶಾಸನಗಳ ಹಳೇ ಸಂಪುಟಗಳಲ್ಲೂ ಹುಡುಕಿದ್ದರು. ಈ ಕಲ್ಲಿನ ಸುದ್ದಿಯೇ ಇಲ್ಲ.

ಅಷ್ಟರಲ್ಲಿ ರಸ್ತೆಗೆ ಕಾಂಕ್ರೀಟ್ ಬರುತ್ತದೆ ಎಂಬ ಸುದ್ದಿ ಬಂತು. ಡಾಂಬರಾದರೆ ಹೇಗೋ ಅಗೆಯಬಹುದು. ಕಾಂಕ್ರೀಟ್ ಬಿದ್ದರೆ ಆ ಹೆಸರು ಹೋದಂತೆಯೇ. ಮೇಡಂ ಅವರನ್ನೂ ಕರೆದುಕೊಂಡು ವಾರ್ಡ್ ಆಫೀಸಿಗೆ ಓಡಿದೆ.

“ಇದು ಹೆರಿಟೇಜಾ?” ಎಂದರು ಅಲ್ಲಿನ ಇಂಜಿನಿಯರ್.

“ಹೌದು ಸಾರ್.”

“ಹಂಗಾದ್ರೆ ನಮ್ಗೆ ಬರಲ್ಲ.”

“ಅಲ್ಲ ಅಂದ್ಕೊಳಿ ಸಾರ್.”

“ಅಲ್ಲ ಅಂದ್ಮೇಲೆ ಯಾಕ್ರೀ ಅಗೀಬೇಕು?”

ಮೂಗಿನಲ್ಲೇ ಹೊರಡುವ ಆ ದನಿಯನ್ನು ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂಗೆ ಮಾಡಿ ತೋರಿಸಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಬರುವ ವಿದ್ಯೆ ಅದೊಂದೇ. ಮನೆಯವರಿಗೆ ಅದನ್ನು ವಿದ್ಯೆ ಎನ್ನುವುದಕ್ಕೂ ಮನಸ್ಸಿಲ್ಲ.

ಉಳಿದದ್ದು ಊರಿನ ಯಜಮಾನರು. ಹಳೇ ಹಳ್ಳಿಯ ದೊಡ್ಡ ಮನೆಯವರು, ಕಲ್ಲಪ್ಪನ ಪೂಜೆ ಅವರದೇ. “ದ್ಯಾವ್ರನ್ನ ಕೇಳ್ದೆ ಅಗೆಯೋದಾ? ಅಮಾಸೆ ಕಳೀಲಿ, ನೋಡೋಣ ಕಣ್ಲಾ,” ಎಂದರು. ಅಮಾವಾಸ್ಯೆಗೆ ಎಂಟು ದಿನ. ಗುರುವಾರವೇ ಜೆಸಿಬಿ ಬಂದು ನಿಂತಿತು.

ಆಗ ನಾನು ಮಾಡಬಾರದ್ದನ್ನು ಮಾಡಿದೆ. ಕಂಟ್ರಾಕ್ಟರಿಗೆ ಫೋನ್ ಹಚ್ಚಿ, ಗಂಟಲಿಗೆ ಕಫ ತಂದುಕೊಂಡು, ಯಜಮಾನರಾದೆ.

“ಏಯ್, ಯಜಮಾನ ಮಾತಾಡ್ತಿರೋದು. ನಮ್ ಕಲ್ಲಪ್ಪನ್ ಹತ್ರ ಸೋಮಾರದ ಗಂಟ ಕಾಂಕ್ರೀಟ್ ಹಾಕ್ಬ್ಯಾಡ.”

“ಆಯ್ತು ಯಜಮಾನ್ರೇ, ನೀವ್ ಹೇಳಿದ್ಮೇಲೆ ಮುಗೀತು.”

ಅಲ್ಲಿಗೇ ಇಡಬೇಕಿತ್ತು ಫೋನನ್ನು. ಆದರೆ ದನಿ ಚೆನ್ನಾಗಿ ಕೂತುಬಿಟ್ಟಿತ್ತು. ನನ್ನಂಥವನು ಅಂಥ ಹೊತ್ತಲ್ಲಿ ಬಾಯಿ ಮುಚ್ಚಿದ ದಾಖಲೆಯಿಲ್ಲ. “ಕಲ್ಲಪ್ಪಂಗೆ ಒಸಿ ಮರ್ವಾದೆ ಆಗಂಗೆ ನಡ್ಕೊ,” ಎಂದು ಸೇರಿಸಿದೆ.

ಭಾನುವಾರ ನಾವೇ ಅಗೆಯುವುದು ಎಂದಾಗಿತ್ತು; ಅಗೆಯುವಾಗ ತಾವು ಇರಲೇಬೇಕು, ಅಕ್ಷರಕ್ಕೆ ಏಟು ಬೀಳಬಾರದು ಎಂದಿದ್ದರು ಮೇಡಂ. ಬೆಳಿಗ್ಗೆಯೇ ತಾವು ಈಗಿರುವ ಬಸವೇಶ್ವರನಗರದಿಂದ ಅಕ್ಕಿಹಿಟ್ಟು, ಬ್ರಷ್, ಬಿಳಿ ಹಾಳೆಯ ಸುರುಳಿ ಹಿಡಿದು ಬಂದಿಳಿದರು. ನಾನು ಸಣ್ಣ ಸಲಾಕೆ ತಂದಿದ್ದೆ; ಫೋನಿನ ಗುಟ್ಟು ಬಯಲಾದೀತೆಂದು ಅಲ್ಲಿಯವರೆಗೆ ಆ ಕಡೆ ಸುಳಿದಿರಲಿಲ್ಲ. ಇಬ್ಬರೂ ಅರಳಿಕಟ್ಟೆಯ ತಿರುವಿಗೆ ಬಂದು ನಿಂತುಬಿಟ್ಟೆವು.

ಕಲ್ಲಪ್ಪನ ಸುತ್ತ ಹೊಸದೊಂದು ಕಟ್ಟೆ ಎದ್ದಿತ್ತು. ಬಾತ್‌ರೂಮಿಗೆ ಹಾಕುವ ಬಿಳಿ ಟೈಲ್ಸ್, ಸ್ಟೀಲ್ ಕಂಬಿ. ಮೂರನೆಯ ಸಾಲೂ ಅರ್ಧ ಮುಳುಗಿತ್ತು. ಯಜಮಾನರು ಹಾರ ಹಾಕಿಸಿಕೊಂಡು ಎದುರಿಗೆ ನಿಂತಿದ್ದರು.

“ಬಾರ್ಲಾ, ನೋಡು! ನೀನು ಆಫೀಸಿಂದ ಆಫೀಸಿಗೆ ಅಲೆದೆ. ನಾನು ಒಂದು ಫೋನ್ ಮಾಡ್ದೆ, ಅಷ್ಟೇ.”

ಪಕ್ಕದಲ್ಲಿದ್ದ ಕಂಟ್ರಾಕ್ಟರ್ ಕೈಮುಗಿದ. “ರಸ್ತೆ ಕೆಲ್ಸ ನಿಲ್ಸಿ ಮೊದ್ಲು ಇದನ್ನೇ ಮುಗಿಸ್ದೆ ಸಾರ್. ಮರ್ಯಾದೆ ಅಂದಿದ್ರಲ್ಲ ಯಜಮಾನ್ರು.”

ಮಾಡದ ಫೋನಿನ ಕೀರ್ತಿಯನ್ನು ಆ ಮನುಷ್ಯ ಕಣ್ಣು ಮಿಟುಕಿಸದೆ ಕೊರಳಿಗೆ ಹಾಕಿಕೊಂಡಿದ್ದರು. ಸುಳ್ಳು ಎನ್ನಲು ನನಗೆ ಬಾಯಿಲ್ಲ. ಸುಳ್ಳು ಎಂದರೆ ನಿಜವಾಗಿ ಮಾಡಿದವನು ಯಾರೆಂದು ಹೇಳಬೇಕು.

“ಒಂದೇ ಒಂದು ಕಡೆ ತೆಗೆಸಿ ಯಜಮಾನ್ರೇ, ಬರ್ಕೊಂಡು ಮತ್ತೆ ಮುಚ್ಚಿಸ್ತೀವಿ,” ಎಂದರು ಮೇಡಂ.

“ಪೂಜೆ ಆಗೋಯ್ತು ಕಣಮ್ಮ. ಇನ್ನು ಮುಟ್ಟಂಗಿಲ್ಲ.”

ಬಸ್‌ಸ್ಟಾಪಿನಲ್ಲಿ ಮೇಡಂಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಕೇಳಿದ್ದಕ್ಕೆ ಆ ಫೋನ್ ಮಾತನ್ನು ಅದೇ ದನಿಯಲ್ಲಿ ಮತ್ತೆ ಆಡಿದೆ. ಈ ಸಲ ನಗಲಿಲ್ಲ.

“ಮೊದಲನೇ ಮಾತು ಸಾಕಿತ್ತಲ್ಲೋ,” ಎಂದರು.

ಮರುವಾರ ಟೈಲ್ಸ್ ತೆಗೆಸಬೇಕೆಂದು ಅರ್ಜಿ ಬರೆದು ಒಬ್ಬನೇ ವಾರ್ಡ್ ಆಫೀಸಿಗೆ ಹೋದೆ. ಅದೇ ಇಂಜಿನಿಯರ್ ಓದಿ ಪೆನ್ನು ತೆಗೆದರು.

“ಯಾರ ಸ್ಮಾರಕ ರೀ ಇದು? ಹೆಸರು ಬರ್ದಿಲ್ವಲ್ಲ.”

“ಹೆಸರು ಟೈಲ್ಸ್ ಕೆಳಗಿದೆ ಸಾರ್. ಅದಕ್ಕೇ ತೆಗೀರಿ ಅಂತಿರೋದು.”

“ಹೆಸರಿಲ್ದೆ ಹೆಂಗ್ರೀ ಫೈಲ್ ಮಾಡೋದು?” ಎಂದು, ನಾನು ಉತ್ತರ ಕೊಡುವ ಮೊದಲೇ ಆ ಜಾಗದಲ್ಲಿ ‘ಹೆಸರಿಲ್ಲ’ ಎಂದು ಬರೆದು ಸೀಲು ಒತ್ತಿದರು.